ಹೊಳೆಯ ಮೇಲೊಂದು ವಿಹಾರ: ಮಾಸೂರಿನ ಕಡೆಯ ಅನುಭವ



ನಮ್ಮ ನಾಡಿನ ವಿದ್ಯಾವಂತರಿಗೂ ಹೊಳೆಗಳಿಗೂ ಇರುವ ಸಂಬಂಧ ವಿಚಿತ್ರವಾದುದು. ಬೆಳಗಿನ ಸ್ನಾನದಲ್ಲಿ ಕೊಳಾಯಿಯ ನೀರಿಗೆ ಗಂಗೆ ಯಮುನೆ ಕಾವೇರಿಯರನ್ನು ಬರಮಾಡಿಕೊಳ್ಳುತ್ತೇವೆ. ಸಂಕ್ರಾಂತಿಗೆ ಸಂಗಮದಲ್ಲಿ ಮುಳುಗುತ್ತೇವೆ. ಹಿರಿಯರ ಅಸ್ಥಿಯನ್ನು ಹೊಳೆಗೆ ಒಪ್ಪಿಸುತ್ತೇವೆ. ಬಸ್ಸು ಸೇತುವೆಯ ಮೇಲೆ ಹಾಯುವಾಗ ಕಿಟಕಿಯಿಂದ ಕಾಸು ಎಸೆದು ಕೈಮುಗಿಯುತ್ತೇವೆ. ಆದರೆ ಆ ಹೊಳೆಯ ಮೇಲೆ, ಅದು ಹರಿಯುವ ದಿಕ್ಕಿಗೆ, ಯಾವ ಪುಣ್ಯದ ಆಸೆಯೂ ಇಲ್ಲದೆ ಎರಡು ದಿನ ಸುಮ್ಮನೆ ಹೋಗಿಬರೋಣವೆಂದು ಯಾರಾದರೂ ಹೊರಟರೆ ಮನೆಯಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ನೀರಿನೊಡನೆ ಚೆಲ್ಲಾಟ ಬೇಡವೆನ್ನುತ್ತಾರೆ. ಅವರ ಮಾತಿನಲ್ಲಿ ಎಷ್ಟು ನಿಜವಿದೆಯೆಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಆ ಕತೆಯನ್ನೇ ಈ ಹೊತ್ತು ಹೇಳಬೇಕೆಂದಿದ್ದೇವೆ.

ಇದಕ್ಕೆಲ್ಲ ಮೂಲವಾದದ್ದು ತರಗತಿಯಲ್ಲಿ ನಡೆದ ಒಂದು ಪಾಠ. ಆರ್. ಎಲ್. ಸ್ಟೀವನ್‌ಸನ್ ಎಂಬ ಸ್ಕಾಟಿಷ್ ಬರಹಗಾರನು 1876ರಲ್ಲಿ ಗೆಳೆಯನೊಬ್ಬನೊಡನೆ, ಆಳಿಗೊಂದರಂತೆ ಪುಟ್ಟ ದೋಣಿಗಳನ್ನು ಹೂಡಿಕೊಂಡು, ಬೆಲ್ಜಿಯಮ್ ಮತ್ತು ಫ್ರಾನ್ಸ್ ದೇಶಗಳ ಕಾಲುವೆ ಹೊಳೆಗಳಲ್ಲಿ ಪ್ರಯಾಣಮಾಡಿದನು. ಆ ಪ್ರಯಾಣದ ಪುಸ್ತಕ 1878ರಲ್ಲಿ ಹೊರಬಂದಿತು. ಅದನ್ನು ನಾವು ರಸವತ್ತಾಗಿ ವರ್ಣಿಸುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ನಮ್ಮಲ್ಲಿ ಹೊಳೆ ಇಲ್ಲವೇ?" ಎಂದಳು. ಅವಳ ಊರು ರಟ್ಟೀಹಳ್ಳಿಯ ಕಡೆ. ಕುಮುದ್ವತಿಯ ದಂಡೆಯಲ್ಲಿಯೇ ಬೆಳೆದವಳು. ಪ್ರಶ್ನೆಗೆ ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಫ್ರಾನ್ಸಿನ ವಾಸ್ ನದಿಯ ತಿರುವುಗಳನ್ನು ಬಲ್ಲ ನಾವು ಕುಮುದ್ವತಿಯನ್ನು ಕಂಡದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ನಮ್ಮಲ್ಲಿ ದೋಣಿಯ ವಿದ್ಯೆ ಹೊಸದೇನೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ದೊಮಿಂಗೊ ಪಾಯೆಸ್, ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುವುದನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತವೆ. ಬೇಕಾದರೆ ಕುದುರೆ ಎತ್ತುಗಳೂ ಅವುಗಳಲ್ಲಿ ದಾಟುತ್ತವೆ. ಹುಟ್ಟು ಹಾಕುವಷ್ಟು ಹೊತ್ತೂ ಗಿರಗಿರನೆ ತಿರುಗುತ್ತಲೇ ಇರುತ್ತವೆ ಎಂದು ಅವನು ಹೇಳುತ್ತಾನೆ. ಇಂದಿನ ಹರಿಗೋಲನ್ನು ಕಂಡವರು ಈ ವರ್ಣನೆಯಲ್ಲಿ ಬದಲಾಯಿಸಬೇಕಾದುದು ಒಂದೇ: ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಚೀಲವೋ ತಾಡಪತ್ರಿಯೋ ಬಂದಿದೆ, ಅದರ ಮೇಲೆ ಡಾಂಬರು ಬಳಿದಿರುತ್ತದೆ. ಆದರೆ ಹರಿಗೋಲು ಈ ದಂಡೆಯಿಂದ ಆ ದಂಡೆಗೆ ಹಾಯುವುದಕ್ಕಾಗಿ ಹುಟ್ಟಿದ ಸಾಧನ. ಹೊಳೆಯ ಉದ್ದಕ್ಕೂ ವಿಹಾರಕ್ಕೆಂದು ಅದರಲ್ಲಿ ಹೋದವರು ವಿರಳ. ಈ ವ್ಯತ್ಯಾಸವನ್ನು ನಾವು ಆಗ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಭೂಪಟ ಹರಡಿ ಕುಳಿತೆವು. ಕಾಗದದ ಪಟವೊಂದು, ಅದರ ಪಕ್ಕದಲ್ಲಿ ಕಂಪ್ಯೂಟರಿನಲ್ಲಿ, ಆಕಾಶದಿಂದ ಉಪಗ್ರಹವು ತೆಗೆದ ಚಿತ್ರ. ಕುಮುದ್ವತಿಯು ಹೊಸನಗರ ತಾಲೂಕಿನ ಹುಂಚದ ಬಳಿ, ಬಿಲ್ಲೇಶ್ವರನ ಸನ್ನಿಧಿಯಲ್ಲಿ ಹುಟ್ಟುತ್ತದೆ. ಚೋರಡಿಯ ಹತ್ತಿರ ಅದಕ್ಕೆ ಚೋರಡಿ ಹೊಳೆಯೆಂದೇ ಹೆಸರು. ಶಿಕಾರಿಪುರದ ಸೀಮೆಯಲ್ಲಿ ಅಂಜನಾಪುರದ ಜಲಾಶಯವನ್ನು ತುಂಬಿ, ಗುಡ್ಡಗಳ ಸಂದಿನಿಂದ ಹಿರೇಕೆರೂರಿನ ಸೀಮೆಗೆ ಇಳಿದು, ಮಾಸೂರನ್ನೂ ರಟ್ಟೀಹಳ್ಳಿಯನ್ನೂ ಹಾದು, ರಾಣೇಬೆನ್ನೂರು ತಾಲೂಕಿನ ಮುದೇನೂರಿನ ಬಳಿ ತುಂಗಭದ್ರೆಯನ್ನು ಸೇರುತ್ತದೆ. ನೆಲಮಂಗಲದ ಕಡೆ ಹರಿದು ಅರ್ಕಾವತಿಯನ್ನು ಸೇರುವ ಕುಮುದ್ವತಿ ಬೇರೆ. ಹೆಸರು ಕೇಳಿ ಬೆಂಗಳೂರಿನ ಕೇಳುಗರು ಮೋಸಹೋಗಬಾರದು. ಮಾಸೂರಿನಲ್ಲಿ ಹತ್ತುವುದು, ಮೊದಲ ರಾತ್ರಿ ರಟ್ಟೀಹಳ್ಳಿ, ಎರಡನೆಯ ರಾತ್ರಿ ಮುದೇನೂರಿನ ಸಂಗಮ: ಅರ್ಧ ಗಂಟೆಯಲ್ಲಿ ಎಲ್ಲವೂ ನಿಶ್ಚಯವಾಯಿತು. ಸೆಪ್ಟೆಂಬರಿನಲ್ಲಿ ನೀರು ಚೆನ್ನಾಗಿರುತ್ತದೆಂದು ಆ ತಿಂಗಳನ್ನೇ ಗೊತ್ತುಮಾಡಿದೆವು. ಚಿತ್ರದಲ್ಲಿ ಮಾಸೂರಿಗೂ ರಟ್ಟೀಹಳ್ಳಿಗೂ ನಡುವೆ ಹೊಳೆಗೆ ಅಡ್ಡಲಾಗಿ ಒಂದು ಸಣ್ಣ ಬಿಳಿಯ ಗೆರೆ ಕಂಡಿತು. ಊರವರು ದಾಟುವ ದಾರಿಯಿರಬೇಕೆಂದು ನಮ್ಮಲ್ಲೊಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದೆವು.

ಪ್ರಯಾಣದ ಆರಂಭಕ್ಕೆ ಮಾಸೂರನ್ನೇ ಆರಿಸಿದುದಕ್ಕೆ ಕಾರಣವುಂಟು. ಅಲ್ಲಿನ ಮದಗದ ಕೆರೆಯನ್ನು ಕಂಡವರಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಹೊಳೆಯು ಗುಡ್ಡಗಳ ನಡುವಿನ ಕಂಡಿಯಿಂದ ಹೊರಬೀಳುವ ಜಾಗವನ್ನು ಹುಡುಕಿ, ವಿಜಯನಗರದ ಕಾಲದವರು ಅಲ್ಲಿ ಮಣ್ಣಿನ ಏರಿಯನ್ನು ಎತ್ತಿದರು. ಏರಿಯೆಂದರೆ ನಮ್ಮ ಊರೂರ ಕೆರೆಗಳ ಏರಿಯಂಥದಲ್ಲ. ಮೇಲೆ ನಿಂತು ನೋಡಿದರೆ ಅದೂ ಒಂದು ಗುಡ್ಡವೆಂದೇ ಭ್ರಮೆಯಾಗುತ್ತದೆ. ತೂಬಿನ ಕಲ್ಲುಗಳ ಗಾತ್ರವನ್ನು ನೋಡಿದರೆ, ಯಂತ್ರಗಳಿಲ್ಲದ ಕಾಲದಲ್ಲಿ ಅವನ್ನು ನಿಲ್ಲಿಸಿದವರು ಮನುಷ್ಯರೇ ಹೌದೆ ಎನಿಸುತ್ತದೆ. ಆ ಮೂಲದ ಕೆರೆ ಮುಂದೆ ಒಡೆದುಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ದುರಸ್ತಿ ಮಾಡಿದರಾದರೂ ಈಗ ನಾವು ಕಾಣುವುದು ಹಿಂದಿನದರ ಒಂದು ಅಂಶ ಮಾತ್ರ. ಮಳೆಗಾಲದಲ್ಲಿ ಕೆರೆ ತುಂಬಿ ಹೆಚ್ಚಿನ ನೀರು ಬಂಡೆಗಳ ಮೇಲೆ ಧುಮುಕತೊಡಗಿದರೆ ಜಿಲ್ಲೆಯ ನಾಲ್ಕು ಮೂಲೆಗಳಿಂದಲೂ ಜನ ನೋಡಲು ಬರುತ್ತಾರೆ. ಮದಗದ ಕೆರೆಯ ಮೇಲೆ ನಮ್ಮ ಜನಪದರ ಹಾಡೊಂದು ಮನೆಮಾತಾಗಿರುವುದು ಎಲ್ಲರಿಗೂ ಗೊತ್ತು. ಆ ಹಾಡಿನ ಕೆರೆ ತಮ್ಮದೇ ಎಂದು ಮಾಸೂರಿನವರೂ ತಮ್ಮದೆಂದು ಕಡೂರಿನವರೂ ಹೇಳುತ್ತಾರೆ. ಆ ವ್ಯಾಜ್ಯದಲ್ಲಿ ನಾವು ಸಾಕ್ಷಿ ನುಡಿಯುವುದಿಲ್ಲ. ಸರ್ವಜ್ಞನ ತಂದೆ ಮಾಸೂರಿನವನು, ತಾಯಿ ಸಮೀಪದ ಅಬಲೂರಿನವಳು ಎಂಬ ಪರಂಪರೆಯ ಮಾತೂ ಇಲ್ಲಿ ಪ್ರಸಿದ್ಧ. ಊರೂರು ಅಲೆದ ಆ ಕವಿಯ ನೆಲದಿಂದ ನಮ್ಮ ಅಲೆದಾಟವೂ ಆರಂಭವಾಗಲೆಂದು ಆಸೆಪಟ್ಟೆವು.

ಆದರೆ ಹೊರಡುವ ಮೊದಲು ದಾರಿಯನ್ನು ಒಮ್ಮೆ ಕಣ್ಣಾರೆ ನೋಡಿಬರಬೇಕೆಂದು ನಮ್ಮ ಜೊತೆಯ ಭೂಗೋಳದ ಅಧ್ಯಾಪಕರು ಹಟಹಿಡಿದರು. ಆ ಹಟಕ್ಕೆ ನಾವು ಇಂದಿಗೂ ಋಣಿಗಳು. ಆಗಸ್ಟಿನ ಕೊನೆಯಲ್ಲಿ ಮೂವರು ಮಾಸೂರಿಗೆ ಹೋದೆವು. ತುಂಗಭದ್ರೆಯ ದಂಡೆಯ ಒಬ್ಬ ಮುದುಕ ಅಂಬಿಗನನ್ನೂ ಕರೆಸಿಕೊಂಡೆವು. ಹರಿಗೋಲುಗಳನ್ನೂ ಹುಟ್ಟುಹಾಕುವವರನ್ನೂ ಒದಗಿಸಲು ಒಪ್ಪಿದವನು ಅವನು. ಮಾಸೂರಿನಿಂದ ದಂಡೆಗುಂಟ ನಡೆಯುತ್ತ ಹೋದೆವು. ಹೊಳೆ ಮಣ್ಣಿನ ಬಣ್ಣಕ್ಕೆ ತಿರುಗಿ ತುಂಬಿ ಹರಿಯುತ್ತಿತ್ತು. ಮೆಕ್ಕೆಜೋಳದ ಹೊಲಗಳು ಎರಡು ಕಡೆಗೂ ಎದೆಯುದ್ದ ನಿಂತಿದ್ದುವು. ನಮಗೆ ನೋಡಿದಷ್ಟೂ ಉತ್ಸಾಹ. ಮುದುಕ ಮಾತ್ರ ಮಾತಾಡಲಿಲ್ಲ.

ಸ್ವಲ್ಪ ದೂರ ಹೋಗುವುದರೊಳಗೆ ಒಂದು ಸದ್ದು ಕೇಳಿಸಿತು. ಚಿತ್ರದಲ್ಲಿ ಕಂಡ ಬಿಳಿಯ ಗೆರೆ ದಾರಿಯಾಗಿರಲಿಲ್ಲ. ಹೊಳೆಗೆ ಅಡ್ಡಲಾಗಿ ಕಟ್ಟಿದ ಒಂದು ಒಡ್ಡು. ಇಂಥವಕ್ಕೆ ಇಲಾಖೆಯವರು ಬಾಂದಾರವೆನ್ನುತ್ತಾರೆ. ಮಳೆ ನಿಂತ ಮೇಲೆ ಹೊಳೆಯ ನೀರನ್ನು ತಡೆದು ದಂಡೆಯ ಬಾವಿಗಳಿಗೂ ಹೊಲಗಳಿಗೂ ಆಸರೆಯಾಗಲೆಂದು ಕಟ್ಟಿದ ಉಪಕಾರದ ಕೆಲಸ ಅದು. ಎತ್ತರವೇನೂ ಹೆಚ್ಚಿಲ್ಲ, ಎದೆಯ ಮಟ್ಟವಿರಬಹುದು. ನೀರು ಅದರ ಮೇಲಿನಿಂದ ಗಾಜಿನ ಹಾಳೆಯಂತೆ ನುಣ್ಣಗೆ ಇಳಿದು ಕೆಳಗೆ ನೊರೆಯಾಗುತ್ತಿತ್ತು. ಇದೇನು ಮಹಾ ಎಂದುಕೊಂಡೆವು. ದೋಣಿಯಲ್ಲಿ ಕುಳಿತು ಇದನ್ನು ಇಳಿಯುವುದು ಮಕ್ಕಳ ಜಾರುಬಂಡೆಯಂತೆ ಇರಬಹುದೆಂದು ನಮ್ಮಲ್ಲೊಬ್ಬರು ಹೇಳಿಯೂಬಿಟ್ಟರು.

ಮುದುಕ ಸುತ್ತಲೂ ನೋಡಿ, ಸಿಪ್ಪೆ ಸುಲಿಯದ ಒಂದು ಒಣ ತೆಂಗಿನಕಾಯಿಯನ್ನು ಎಲ್ಲಿಂದಲೋ ಎತ್ತಿ ತಂದು ಆ ನೊರೆಗೆ ಎಸೆದನು. ಕಾಯಿ ಮುಳುಗಿತು. ಹತ್ತು ಹನ್ನೆರಡು ಅಡಿ ಕೆಳಗೆ ಮೇಲಕ್ಕೆದ್ದಿತು. ಇನ್ನು ಹೊಳೆಯ ಜೊತೆ ಹೋಗುತ್ತದೆಂದು ನಾವು ನೋಡುತ್ತಿದ್ದರೆ, ಅದು ನಿಧಾನವಾಗಿ ಹಿಂದಕ್ಕೆ, ಒಡ್ಡಿನ ಕಡೆಗೇ ತೇಲಿಹೋಯಿತು. ಬೀಳುವ ನೀರು ಅದನ್ನು ಮತ್ತೆ ಒಳಗೆ ತುಳಿಯಿತು. ಮತ್ತೆ ಎದ್ದಿತು, ಮತ್ತೆ ಹಿಂದಕ್ಕೆ ಹೋಯಿತು.

"ಎಣಸ್ರಿ ಮಾಸ್ತರ," ಎಂದನು ಮುದುಕ.

ಎಣಿಸಿದೆವು. ಇಪ್ಪತ್ತಾದ ಮೇಲೆ ಬಿಟ್ಟುಬಿಟ್ಟೆವು. ಕಾಲು ಗಂಟೆಯ ಮೇಲೂ ಆ ಕಾಯಿ ಅಲ್ಲಿಯೇ ಏಳುತ್ತ ಮುಳುಗುತ್ತ ಇತ್ತು.

"ಮನಿಷ್ಯಾ ಬಿದ್ರೂ ಹಿಂಗ ರಿ. ಈಜು ಬಂದ್ರೂ ಅಷ್ಟ, ಬರದಿದ್ರೂ ಅಷ್ಟ. ಇದರಾಗ ನಾ ತೆಪ್ಪ ಬಿಡಂಗಿಲ್ಲ, ನೀವು ಎಷ್ಟ ರೊಕ್ಕ ಕೊಟ್ರೂ."

ಈ ಆಟದ ಹಿಂದಿನ ಭೌತಶಾಸ್ತ್ರವನ್ನು ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆವು, ತಡವಾದ ವಿದ್ಯೆ. ಒಡ್ಡಿನ ಮೇಲಿನಿಂದ ಬಿದ್ದ ನೀರು ತನ್ನ ವೇಗದಿಂದ ಹೊಳೆಯ ತಳದವರೆಗೆ ಇಳಿಯುತ್ತದೆ. ಸ್ವಲ್ಪ ದೂರ ತಳದಲ್ಲಿಯೇ ಓಡಿ ಮೇಲಕ್ಕೆ ಏಳುತ್ತದೆ. ಎದ್ದ ನೀರಿನಲ್ಲಿ ಒಂದು ಪಾಲು ಮುಂದಕ್ಕೆ ಹೋದರೆ ಇನ್ನೊಂದು ಪಾಲು ಮೇಲುಮೇಲೆಯೇ ಹಿಂದಿರುಗಿ, ಒಡ್ಡಿನ ಬುಡದಲ್ಲಿ ಬಿದ್ದ ತಗ್ಗನ್ನು ತುಂಬಲು ಹರಿಯುತ್ತದೆ. ಹೀಗೆ ಗಾಣದಂತೆ ಒಂದು ಸುತ್ತು ನಿರಂತರವಾಗಿ ತಿರುಗುತ್ತಿರುತ್ತದೆ. ಸಹಜವಾದ ದಡಿಗೆಯಲ್ಲಿ ಬಂಡೆಗಳು ಅಲ್ಲಲ್ಲಿ ಒಡೆದಿರುವುದರಿಂದ ಎಲ್ಲೋ ಒಂದು ಕಡೆ ಹೊರದಾರಿ ಇರುತ್ತದೆ. ಮನುಷ್ಯನು ನೂಲು ಹಿಡಿದು ಈ ದಂಡೆಯಿಂದ ಆ ದಂಡೆಯವರೆಗೆ ನೆಟ್ಟಗೆ ಕಟ್ಟಿದ ಒಡ್ಡಿನಲ್ಲಿ ಅಂಥ ಬಿಡುವು ಎಲ್ಲಿಯೂ ಇಲ್ಲ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ಚೆನ್ನಾಗಿ ಎತ್ತಿಹಿಡಿಯುವುದೂ ಇಲ್ಲ. ಮೇಲಿನಿಂದ ಬರುವ ದೋಣಿಯವನಿಗೆ ಒಡ್ಡು ಕಾಣುವುದೇ ಇಲ್ಲ. ನೀರಿನ ಸಮ ಗೆರೆಯೊಂದು ಕಾಣುತ್ತದೆ, ಅಷ್ಟೆ. ದೋಣಿಯ ಆಟದಲ್ಲಿ ಪಳಗಿದ ದೇಶಗಳಲ್ಲಿಯೂ ದೊಡ್ಡ ಜಲಪಾತಗಳಿಗೆ ಹೆದರುವುದಕ್ಕಿಂತ ಇಂಥ ಸಣ್ಣ ಒಡ್ಡುಗಳಿಗೆ ಹೆಚ್ಚು ಹೆದರುತ್ತಾರೆ.

ಅದೇ ನಡಿಗೆಯಲ್ಲಿ ಮುದುಕ ಇನ್ನೊಂದನ್ನೂ ತೋರಿಸಿದನು. ದಂಡೆಯ ಬಳ್ಳಾರಿ ಜಾಲಿಯ ಪೊದೆಗಳು ಬಾಗಿ ನೀರಿನೊಳಗೆ ಕೊಂಬೆ ಇಳಿಬಿಟ್ಟಿದ್ದುವು. ನೀರು ಕೊಂಬೆಗಳ ನಡುವೆ ಸೋಸಿಹೋಗುತ್ತದೆ, ದೋಣಿ ಸೋಸಿಹೋಗುವುದಿಲ್ಲ. ಹೊಳೆಯ ವೇಗ ಎರಡು ಪಟ್ಟಾದರೆ ಅದು ದೂಡುವ ಬಲ ನಾಲ್ಕು ಪಟ್ಟಾಗುವುದರಿಂದ, ಕೊಂಬೆಗೆ ಒತ್ತಿಸಿಕೊಂಡವನು ತನ್ನ ತೋಳಬಲದಿಂದ ಬಿಡಿಸಿಕೊಳ್ಳುವುದು ಕಷ್ಟ. ಆಗ ನಮಗೆ ಸ್ಟೀವನ್‌ಸನ್ ನೆನಪಾದನು. ಉಕ್ಕಿದ ವಾಸ್ ನದಿಯಲ್ಲಿ ಅಡ್ಡಬಿದ್ದ ಮರವೊಂದು ಅವನನ್ನು ದೋಣಿಯಿಂದ ಕಿತ್ತುಕೊಂಡಿತು. ದೋಣಿ ಹೊಳೆಯ ಪಾಲಾಗಿ ಮುಂದೆ ಹೋಯಿತು. ಅವನು ಕೈಯಲ್ಲಿ ಹುಟ್ಟನ್ನು ಬಿಡದೆ ಮರವನ್ನು ತಬ್ಬಿ ಹೇಗೋ ಮೇಲೆ ಬಂದನು. ಆ ಪ್ರಸಂಗವನ್ನು ನಾವು ತರಗತಿಯಲ್ಲಿ ಹಾಸ್ಯವೆಂದೇ ಓದಿ ನಗಿಸಿದ್ದೆವು.

ಹೀಗೆ ನಮ್ಮ ಮೊದಲ ಯೋಜನೆ ಹೊಳೆಯ ದಂಡೆಯಲ್ಲಿಯೇ ಮುಗಿಯಿತು. ಅವಮಾನವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಸುದ್ದಿ ಕೇಳಿ ವಿದ್ಯಾರ್ಥಿಗಳೂ ಮುಖ ಸಣ್ಣದು ಮಾಡಿಕೊಂಡರು. ದಾಂಡೇಲಿಯ ಕಡೆ, ಗಣೇಶಗುಡಿಯಲ್ಲಿ, ಕಾಳಿ ನದಿಯ ಮೇಲೆ ಜನ ರಬ್ಬರಿನ ತೆಪ್ಪಗಳಲ್ಲಿ ನೊರೆನೀರನ್ನು ಹಾಯುತ್ತಾರಲ್ಲ, ನಾವು ಮಾತ್ರ ಏಕೆ ಅಂಜಬೇಕು ಎಂದು ಒಬ್ಬನು ಕೇಳಿದನು. ಒಳ್ಳೆಯ ಪ್ರಶ್ನೆಯೇ. ಅಲ್ಲಿಯ ಹರಿವು ಮೇಲಿನ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಬಿಟ್ಟ ನೀರು. ಬಿಟ್ಟ ದಿನ ಇದೆ, ಬಿಡದ ದಿನ ಇಲ್ಲ. ಹಾಯುವ ಭಾಗ ಗೊತ್ತಾದುದು, ಪ್ರತಿಯೊಂದು ಬಂಡೆಯ ಗುರುತೂ ಬಲ್ಲ ಮಾರ್ಗದರ್ಶಕರು ಜೊತೆಗಿರುತ್ತಾರೆ. ಕುಮುದ್ವತಿ ಮಳೆಯನ್ನೇ ನಂಬಿದ ಹೊಳೆ. ಜುಲೈ ಆಗಸ್ಟಿನಲ್ಲಿ ಅದು ಒಡ್ಡುಗಳ ಮೇಲೆ ಉಕ್ಕುತ್ತದೆ. ಮಳೆ ಹಿಂದೆಗೆದು ಒಡ್ಡುಗಳಲ್ಲಿ ನೀರು ನಿಲ್ಲಿಸಿದ ಮೇಲೆ ಮಡುವುಗಳ ಸಾಲಾಗುತ್ತದೆ, ನಡುವೆ ಬರಿಯ ಕಲ್ಲು ಮರಳು. ಇವೆರಡರ ನಡುವೆ ದೋಣಿಗೆ ಸಲ್ಲುವ ದಿನಗಳು ಕೆಲವೇ; ಅವೂ ವರ್ಷವರ್ಷಕ್ಕೆ ಬೇರೆ.

ಆದುದರಿಂದ ಯೋಜನೆಯನ್ನು ತಲೆಕೆಳಗು ಮಾಡಿದೆವು. ಡಿಸೆಂಬರಿನ ಮೊದಲ ವಾರ. ಮೊದಲ ದಿನ ಮದಗದ ಕೆರೆಯ ನಿಂತ ನೀರಿನಲ್ಲಿ ಅಭ್ಯಾಸ. ಎರಡನೆಯ ದಿನ ಕುಮುದ್ವತಿಯ ದಂಡೆಗುಂಟ ರಟ್ಟೀಹಳ್ಳಿಯವರೆಗೆ ಕಾಲ್ನಡಿಗೆ. ಮೂರನೆಯ ದಿನ ವಾಹನದಲ್ಲಿ ತುಂಗಭದ್ರೆಯ ದಂಡೆಗೆ ಹೋಗಿ, ಚೌಡದಾನಪುರದಿಂದ ಗಳಗನಾಥದ ಕಡೆಗೆ ಹರಿಗೋಲಿನಲ್ಲಿ. ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಕೂಡುತ್ತದೆ. ನಮ್ಮ ಕಾದಂಬರಿಗಳ ಪಿತಾಮಹರಲ್ಲೊಬ್ಬರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಹೆಸರಿಗೆ ಬದಲಾಗಿ ಹಚ್ಚಿಕೊಂಡ ಹೆಸರು ಆ ಊರಿನ ದೇವರದೇ. ತುಂಗಭದ್ರೆಗೆ ಹೋಗುವವರು ಮೇಲಿನ ಅಣೆಕಟ್ಟುಗಳ ಸುದ್ದಿಯನ್ನು ಇಟ್ಟುಕೊಂಡಿರಬೇಕು. ಶಿವಮೊಗ್ಗೆಯ ಗಾಜನೂರಿನಲ್ಲಿ ತುಂಗೆಯ ಬಾಗಿಲು ತೆಗೆದರೆ, ಲಕ್ಕವಳ್ಳಿಯಲ್ಲಿ ಭದ್ರೆಯ ನೀರು ಬಿಟ್ಟರೆ, ನಮ್ಮ ತಲೆಯ ಮೇಲೆ ಒಂದು ಮೋಡವೂ ಇಲ್ಲದಿರುವಾಗಲೇ ಹೊಳೆ ಏರಬಹುದು. ಜಲಾಶಯಗಳ ಮಟ್ಟವನ್ನು ಪತ್ರಿಕೆಗಳಲ್ಲಿ ಅಚ್ಚುಮಾಡುವುದನ್ನು ನಾವು ರೈತರ ವಿಷಯವೆಂದು ಹಾಳೆ ಮಗುಚುತ್ತಿದ್ದೆವು. ಈಗ ಮೊದಲು ಓದುವುದು ಅದನ್ನೇ.

ಇಷ್ಟು ನೀರಿನ ಮಾತಾಯಿತು. ಇನ್ನು ಜನರ ಮಾತು. ಇಲ್ಲಿ ನಾವು ಮಾಡಿದ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ.

2019ರ ಜನವರಿ 21ರಂದು ಕಾರವಾರದ ಸಮುದ್ರದಲ್ಲಿ, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು, ಮಕ್ಕಳೂ ಇದ್ದರು. ಈ ಸೀಮೆಯ ತಂದೆತಾಯಿಗಳ ಮುಂದೆ ದೋಣಿಯ ಹೆಸರೆತ್ತಿದರೆ ಇಂದಿಗೂ ಮೊದಲು ಬರುವ ಮಾತು ಅದು. ಆದಕಾರಣ ನಾವು ಮನೆಮನೆಗೆ ಒಪ್ಪಿಗೆಯ ಕಾಗದ ಕಳುಹಿಸಿದೆವು. ಅದರಲ್ಲಿ ಒಂದು ಪ್ರಶ್ನೆ: ಈಜು ಬರುತ್ತದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಎಂಟು ಮಂದಿಯೂ ಹೌದೆಂದು ಬರೆದರು. ನಾವು ನೆಮ್ಮದಿಯಿಂದ ಕಾಗದಗಳನ್ನು ಕಡತದಲ್ಲಿಟ್ಟೆವು.

ಮದಗದ ಕೆರೆಯ ದಂಡೆಯಲ್ಲಿ, ಜೀವರಕ್ಷಕ ಅಂಗಿ ತೊಟ್ಟು ಪ್ರತಿಯೊಬ್ಬರೂ ಸೊಂಟದ ನೀರಿನಿಂದ ಆಚೆ ಹೋಗಿ ಹತ್ತು ನಿಮಿಷ ತೇಲಬೇಕೆಂದು ಗೊತ್ತುಮಾಡಿದ್ದೆವು. ಒಬ್ಬೊಬ್ಬರಾಗಿ ಇಳಿದರು. ಆ ರಟ್ಟೀಹಳ್ಳಿಯ ಕಡೆಯ ಹುಡುಗಿ ಮೀನಿನಂತೆ ಹೋಗಿಬಂದಳು. ಚಿಕ್ಕವಳಿದ್ದಾಗ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಸೋದರಮಾವ ತೋಟದ ಬಾವಿಗೆ ತಳ್ಳಿದ್ದನಂತೆ. ಒಬ್ಬ ಹುಡುಗ ಮಾತ್ರ ಮೊಣಕಾಲುದ್ದ ನೀರಿನಲ್ಲಿ ನಿಂತು ಅಂಗಿಯ ಪಟ್ಟಿಯನ್ನು ಬಿಗಿಯುತ್ತ ಬಿಚ್ಚುತ್ತ ಇದ್ದನು. ಪಟ್ಟಿ ಸರಿಯಿಲ್ಲವೆಂದನು. ಸರಿಮಾಡಿಕೊಟ್ಟೆವು. ಕಾಲಿಗೆ ಮುಳ್ಳು ನಟ್ಟಿದೆಯೆಂದನು. ಮುಳ್ಳಿರಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುವ ಹುಡುಗ ಅವನು. ಬದಿಗೆ ಕರೆದುಕೊಂಡು ಹೋಗಿ ಕೇಳಿದಾಗ, ಕೆಳಗೆ ನೋಡುತ್ತ, "ಎಲ್ಲರೂ ಹೌದೆಂದು ಬರೆದರು ಸರ್," ಎಂದನು. ಕಾಗದ ತುಂಬಿಸಿದ್ದು ಒಂದೇ ಮೇಜಿನ ಸುತ್ತ ಕುಳಿತು; ಪಕ್ಕದವರು ಏನು ಬರೆಯುತ್ತಾರೆಂಬುದು ಎಲ್ಲರಿಗೂ ಕಾಣುತ್ತಿತ್ತು.

ಆ ಕ್ಷಣದಲ್ಲಿ ನಮಗೆ ಒಡ್ಡಿನ ಕೆಳಗಿನ ತೆಂಗಿನಕಾಯಿ ಕಣ್ಣಮುಂದೆ ಬಂದಿತು. ಸೆಪ್ಟೆಂಬರಿನಲ್ಲಿ ನಾವು ಬಯಸಿದಂತೆ ಹೊರಟಿದ್ದರೆ ಈ ಹುಡುಗ ಮೊದಲನೆಯ ದೋಣಿಯಲ್ಲಿಯೇ ಕುಳಿತಿರುತ್ತಿದ್ದನು. ಇಪ್ಪತ್ತು ವರ್ಷಗಳಿಂದ ಪರೀಕ್ಷೆ ನಡೆಸುತ್ತಿರುವ ನಮಗೆ, ಹೌದು ಇಲ್ಲ ಎಂಬ ಪ್ರಶ್ನೆಯಿಂದ ವಿದ್ಯಾರ್ಥಿಯ ತಿಳಿವು ಗೊತ್ತಾಗುವುದಿಲ್ಲವೆಂಬುದು ಗೊತ್ತಿರಬೇಕಾಗಿತ್ತು. ಅವನನ್ನು ಗದರಿಸಲಿಲ್ಲ, ಗದರಿಸಿಕೊಳ್ಳಬೇಕಾದವರು ನಾವು. ಆ ದಿನವೆಲ್ಲ ಆ ಹುಡುಗಿಯೇ ಅವನಿಗೆ ದಂಡೆಯ ಬಳಿ ತೇಲುವುದನ್ನು ಹೇಳಿಕೊಟ್ಟಳು. ಅಂಗಿಯನ್ನು ನಂಬಿ ತಲೆಯನ್ನು ಹಿಂದಕ್ಕೆ ಒರಗಿಸಲು ಅವನಿಗೆ ಸಂಜೆಯವರೆಗೆ ಬೇಕಾಯಿತು.

ಜೀವರಕ್ಷಕ ಅಂಗಿಯ ವಿಷಯ ಬಂದುದರಿಂದ ಒಂದು ಮಾತು. ತೊಡಿಸಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆ ಜಗ್ಗಬೇಕು. ಅದು ಕಿವಿಯವರೆಗೆ ಏರಿದರೆ ನೀರಿನಲ್ಲಿ ಅಂಗಿ ತೇಲುತ್ತದೆ, ಮನುಷ್ಯ ಜಾರುತ್ತಾನೆ. ಬಾಡಿಗೆಗೆ ತಂದ ಹನ್ನೆರಡರಲ್ಲಿ ಮೂರು ಈ ಪರೀಕ್ಷೆಯಲ್ಲಿ ಸೋತುವು. ಹರಿಯುವ ನೀರಿಗೆ ಬಿದ್ದವನು ನಿಲ್ಲಲು ಹೋಗಬಾರದೆಂಬುದನ್ನೂ ಮಕ್ಕಳಿಗೆ ಮಾಡಿ ತೋರಿಸಿದೆವು: ಪಾದ ಕಲ್ಲಿನ ಸಂದಿಗೆ ಸಿಕ್ಕರೆ ಪ್ರವಾಹ ದೇಹವನ್ನು ಮುಂದಕ್ಕೆ ಮಡಿಸಿಬಿಡುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಮುಂದೆಮಾಡಿ ಮೇಲಕ್ಕೆತ್ತಿಕೊಂಡು, ಕೈಗಳಿಂದ ದಂಡೆಯ ಕಡೆಗೆ ಸರಿಯಬೇಕು. ಒಬ್ಬರ ಕೈಯಲ್ಲಿ ಎಸೆಯುವ ಹಗ್ಗ ಯಾವಾಗಲೂ ಇರಬೇಕು. ಮೂಟೆಕಟ್ಟಿ ಅಡಿಯಲ್ಲಿಟ್ಟ ಹಗ್ಗ ಇದ್ದೂ ಇಲ್ಲದಂತೆ.

ಬುತ್ತಿಯ ವಿಚಾರದಲ್ಲಿ ನಾವು ಹೇಳಬೇಕಾದುದೇನೂ ಇಲ್ಲ. ಉತ್ತರದ ಈ ಸೀಮೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರುವವರೆಗೆ ಪ್ರಯಾಣಿಕನು ಚಿಂತಿಸಬೇಕಾಗಿಲ್ಲ. ರೊಟ್ಟಿ ವಾರವಾದರೂ ಕೆಡುವುದಿಲ್ಲ, ನೀರು ಸಿಡಿದರೆ ಮೆತ್ತಗಾಗುತ್ತದೆ, ಅಷ್ಟೆ.

ರಟ್ಟೀಹಳ್ಳಿಯವರೆಗಿನ ನಡಿಗೆ ಸುಖವಾಗಿತ್ತು. ಆಗಸ್ಟಿನಲ್ಲಿ ಗುಡುಗುತ್ತಿದ್ದ ಒಡ್ಡಿನ ಹಿಂದೆ ನೀರು ಕನ್ನಡಿಯಂತೆ ನಿಂತಿತ್ತು, ಮುಂದೆ ಒಣಗಲ್ಲು. ಹುಡುಗರು ಆ ಕಲ್ಲುಗಳ ಮೇಲೆ ನಿಂತು, ತಮ್ಮ ಎದೆಯವರೆಗೂ ಬಾರದ ಆ ಗೋಡೆಯನ್ನು ಮುಟ್ಟಿ ನೋಡಿದರು. ಸಂಜೆ ಕದಂಬೇಶ್ವರನ ಮೂರು ಗರ್ಭಗುಡಿಗಳ ದೇವಾಲಯದ ಬಳಿ ಕುಳಿತು ದಣಿವಾರಿಸಿಕೊಂಡೆವು.

ಮೂರನೆಯ ದಿನ ಬೆಳಗ್ಗೆ ಚೌಡದಾನಪುರದಲ್ಲಿ ಮಂಜು ಇನ್ನೂ ಹೊಳೆಯ ಮೇಲೆ ಮಲಗಿತ್ತು. ಮುಕ್ತೇಶ್ವರನ ಗುಡಿಯ ಶಿಖರ ಮಾತ್ರ ಮೇಲೆ ಕಾಣುತ್ತಿತ್ತು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ನೆಲ ಇದು. ನಮ್ಮ ಮುದುಕ ಮತ್ತು ಅವನ ಇಬ್ಬರು ತಮ್ಮಂದಿರ ಮಕ್ಕಳು ನೀರಿಗೆ ಕೈಮುಗಿದು ಮೂರು ಹರಿಗೋಲುಗಳನ್ನು ಇಳಿಸಿದರು. ನಾವು ಹನ್ನೊಂದು ಮಂದಿ. ಒಂದರಲ್ಲಿ ನಾಲ್ವರಿಗಿಂತ ಹೆಚ್ಚು ಪ್ರಯಾಣಿಕರು ಕೂಡದೆಂದು ಮೊದಲೇ ಮಾತಾಗಿತ್ತು.

ಗಂಟೆಗೆ ನಾಲ್ಕೈದು ಕಿಲೋಮೀಟರಿನ ಲೆಕ್ಕ ಹಾಕಿದ್ದ ನಮ್ಮ ಪಟ್ಟಿಯು ಮೊದಲ ಗಂಟೆಯಲ್ಲಿಯೇ ನಗೆಪಾಟಲಾಯಿತು. ದುಂಡಗಿನ ದೋಣಿಗೆ ಮುಂದು ಹಿಂದು ಇಲ್ಲ. ಎದುರುಗಾಳಿ ಬಂದರೆ ಹರಿವಿಗೆ ವಿರುದ್ಧವಾಗಿಯೂ ತೇಲಲು ಅದು ಸಿದ್ಧ. ಪಾಯೆಸ್ ಹೇಳಿದ ಆ ತಿರುಗಾಟವನ್ನು ನಾವು ಎಂಟು ಗಂಟೆ ಅನುಭವಿಸಿದೆವು. ತೆಳುನೀರಿನಲ್ಲಿ ಹರಿಗೋಲು ಮರಳಿಗೆ ತಟ್ಟಿ ನಿಂತಾಗ ಹುಡುಗರು ಧುಮುಕಿ ತಳ್ಳಲು ಹೋದರು. ಮುದುಕ ಕೂಗಿ ತಡೆದನು. ಜಲ್ಲೆಯಿಂದ ಸುತ್ತಲೂ ಚುಚ್ಚಿ ನೋಡಿದ ಮೇಲೆಯೇ ಇಳಿಯಬಿಟ್ಟನು. ಒಂದೆಡೆ ಮೊಣಕಾಲುದ್ದ ನೀರಿನ ಪಕ್ಕದಲ್ಲಿಯೇ ಜಲ್ಲೆ ಪೂರ್ತಿ ಇಳಿಯಿತು: ಮರಳು ತೆಗೆದ ಗುಂಡಿ. ಇವನ್ನು ಯಾವ ಭೂಪಟವೂ ತೋರಿಸುವುದಿಲ್ಲ. ಹೋದ ವರ್ಷ ಇಲ್ಲದಿದ್ದುದು ಈ ವರ್ಷ ಇರುತ್ತದೆ. ಈಜು ಬಾರದ ನಮ್ಮ ಹುಡುಗ ಆಮೇಲೆ ಜಲ್ಲೆಯನ್ನು ತಾನೇ ಹಿಡಿದು ಮುದುಕನ ಪಕ್ಕದಲ್ಲಿ ಕುಳಿತು, ಪ್ರತಿ ತಿರುವಿನಲ್ಲಿಯೂ ಆಳವನ್ನು ಕೂಗಿ ಹೇಳತೊಡಗಿದನು.

ನಾಲ್ಕು ಗಂಟೆಗೆ ಎಲ್ಲಿದ್ದರೂ ದಂಡೆ ಹತ್ತುವುದೆಂದು ನಿಯಮ ಮಾಡಿಕೊಂಡಿದ್ದೆವು. ಡಿಸೆಂಬರಿನ ಹೊತ್ತು ಬೇಗ ಮುಳುಗುತ್ತದೆ. ನಾಲ್ಕಾದಾಗ ಗಳಗನಾಥ ಇನ್ನೂ ದೂರವಿತ್ತು. ಇನ್ನೊಂದು ಗಂಟೆ, ಇನ್ನೊಂದು ತಿರುವು ಎಂದು ಹುಡುಗರು ಬೇಡಿಕೊಂಡರು. ನಮ್ಮ ಮನಸ್ಸೂ ಅತ್ತಕಡೆಗೇ ಎಳೆಯಿತು. ಮುದುಕ ನಮ್ಮ ಮುಖ ನೋಡಿದನು, ಏನನ್ನೂ ಹೇಳಲಿಲ್ಲ. ಹತ್ತಿರದ ಹಳ್ಳಿಯ ದಂಡೆಗೆ ಹಚ್ಚಲು ಹೇಳಿದೆವು. ಹರಿಗೋಲನ್ನು ಬೋರಲು ಹಾಕಿ ಬೆನ್ನಮೇಲೆ ಹೊತ್ತು, ದೊಡ್ಡದೊಂದು ಆಮೆಯಂತೆ, ಅವನು ದಿಬ್ಬ ಹತ್ತಿಹೋದನು. ಗಳಗನಾಥನ ಗುಡಿಯನ್ನೂ ವರದೆಯ ಸಂಗಮವನ್ನೂ ಮರುದಿನ ಟೆಂಪೋದಲ್ಲಿ ಹೋಗಿ ನೋಡಿದೆವು.

ಆ ಮುದುಕನ ಬಳಿಯೂ ಮೊಬೈಲು ಇದೆ. ಮುಂದಿನ ಜುಲೈನಲ್ಲಿ ಒಂದು ಬೆಳಗ್ಗೆ, ನಾವು ತರಗತಿಗೆ ಹೊರಡುತ್ತಿರುವಾಗ ಕರೆ ಬಂದಿತು. "ಗಾಜನೂರಾಗ ನೀರು ಬಿಟ್ಟಾರಂತ್ರಿ ಮಾಸ್ತರ. ಹೊಳಿ ಏರಾಕ ಹತ್ತೈತಿ. ಹುಡುಗ್ರನ್ನ ಕರಕೊಂಡು ಈಗ ಬರಬ್ಯಾಡ್ರಿ." ಬರುವ ಯೋಚನೆ ನಮಗೆ ಇರಲಿಲ್ಲ. ಆದರೂ ತಿಳಿಸಿದ್ದು ಒಳ್ಳೆಯದಾಯಿತು ಅಜ್ಜ ಎಂದೆವು. ಆ ಹುಡುಗ ಈಜು ಕಲಿತನೇ ಎಂದು ಅವನು ಕೇಳಿದನು. ಕಲಿಯುತ್ತಿದ್ದಾನೆ ಎಂದು ಹೇಳಿದೆವು.